ಬದುವಿನ ಗಿಡವೋ, ಬೋರಿನ ನೀರೋ?

ಬದುವಿನ ಬೇವು, ಜಾಲಿ ಕಡಿದಿದ್ದರಿಂದಲೇ ದ್ರಾಕ್ಷಿ ತೋಟದ ಮಣ್ಣು ಗಟ್ಟಿಯಾಯಿತೆಂದು ನಿಮ್ಮ ತಂದೆಯವರು ಹೇಳುತ್ತಾರೆ. ಬೋರಿನ ನೀರು, ಗೊಬ್ಬರ ಕಾರಣವೆಂದು ನೀವು. ಇಬ್ಬರ ಮಾತಿನಲ್ಲೂ ಹುರುಳಿದೆ. ಅಳತೆ ಮಾಡದೆ ಈ ವಾದ ತೀರದು.

ತೋಟದ ಮಣ್ಣನ್ನಷ್ಟೇ ಪರೀಕ್ಷೆಗೆ ಕೊಟ್ಟರೆ ಇಂದಿನ ಸ್ಥಿತಿ ತಿಳಿಯುತ್ತದೆ, ಏನು ಬದಲಾಯಿತೆಂದು ತಿಳಿಯದು. ನಿಮ್ಮ ಊರು ಐಗಳಿಯಲ್ಲೇ ಒಂದೇ ಬಗೆಯ ಎರೆಮಣ್ಣಿನ ಮೂರು ಕಡೆ ಆರಿಸಿರಿ: ಉಳಿದಿರುವ ಹಳೆ ಗಿಡಗಳ ಬುಡದ ಉಳದ ನೆಲ, ಬೋರಿನ ನೀರು ಕಾಣದ ಜೋಳದ ಹೊಲ, ನಿಮ್ಮ ತೋಟ. ಮೊದಲೆರಡರ ಅಂತರ ಗಿಡ ಕಡಿದು ಉತ್ತದ್ದರ ಪರಿಣಾಮವನ್ನೂ ಕೊನೆಯೆರಡರ ಅಂತರ ನೀರು, ಗೊಬ್ಬರದ ಪರಿಣಾಮವನ್ನೂ ಬಹುಮಟ್ಟಿಗೆ ತೋರಿಸುತ್ತದೆ.

ಏಪ್ರಿಲ್ ಚಾಟನಿಗೆ (ಬಳ್ಳಿ ಸವರುವುದಕ್ಕೆ) ಮೊದಲು, ಗೊಬ್ಬರ ಹಾಕುವ ಮುನ್ನ, ಪ್ರತಿ ಕಡೆ ಹತ್ತಾರು ಜಾಗದಿಂದ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಕಲಸಿ, ಅರ್ಧ ಕಿಲೋ ಉಳಿಸಿಕೊಳ್ಳಿರಿ. ದ್ರಾಕ್ಷಿ ಬೇರಿಗಾಗಿ 30, 60 ಸೆಂ.ಮೀ. ಆಳದ್ದನ್ನು ಬೇರೆ ಬೇರೆ ಚೀಲಗಳಲ್ಲಿಡಿ. ಸಾವಯವ ಇಂಗಾಲ, ರಸಸಾರ, ಲವಣಾಂಶ, ಸೋಡಿಯಂ ನೋಡಿಸಿರಿ. ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ. ಬೋರಿನ ನೀರನ್ನೂ ಪರೀಕ್ಷೆಗೆ ಕೊಡಿ.

ಮನೆಯಲ್ಲೊಂದು ಪರೀಕ್ಷೆ: ಮೂರೂ ಕಡೆಯ ಒಣ ಹೆಂಟೆಗಳನ್ನು ಮಳೆನೀರಿನ ಗಾಜಿನ ಲೋಟಗಳಲ್ಲಿ ಅಲುಗಿಸದೆ ಇಡಿ. ಉದುರಿ ಕುಸಿದರೆ ಇಂಗಾಲ ಕಡಿಮೆಯಾಗಿರಬಹುದು. ಸುತ್ತಲಿನ ನೀರು ಹಾಲಿನಂತೆ ಕದಡಿದರೆ ಸೋಡಿಯಂ ಮೇಲೆ ಅನುಮಾನಪಡಿ. ಸೋಡಿಯಂ ತಗ್ಗಿಸಲು ಜಿಪ್ಸಂ ಬೇಕೋ ಬೇಡವೋ ಎಂಬುದನ್ನು ವರದಿ ಬಂದ ಮೇಲೆಯೇ ತೀರ್ಮಾನಿಸಿರಿ. ಅಲ್ಲಿಯವರೆಗೆ ಉಳಿದ ಗಿಡಗಳಿಗೆ ಕೊಡಲಿ ಹಾಕಬೇಡಿ.