ಗೂಡು ಮೊದಲು, ಹೇಂಟೆ ಆಮೇಲೆ

ತಮ್ಮಾ, ಸೂರತ್‌ನ ಉಧ್ನಾದ ಬಾಡಿಗೆ ಮನೆಗೆ ಹಿತ್ತಲಿದೆ, ಐದಾರು ಕೋಳಿ ಸಾಕುತ್ತೇನೆ ಅಂದೆ. ಸಾಕು, ಸಂತೋಷ. ಆದರೆ ಊರಲ್ಲಿ ಅಜ್ಜಿ ರಾತ್ರಿ ಬುಟ್ಟಿ ಕವುಚಿ ಮೇಲೊಂದು ಕಲ್ಲು ಹೇರಿ ಮಲಗುತ್ತಿದ್ದಳಲ್ಲ, ಅದು ಇಲ್ಲಿ ನಡೆಯದು. ಇಲ್ಲಿ ಗೂಡು ಕಟ್ಟುವಾಗ ಕೋಳಿಗಿಂತ ಮೊದಲು ಇಲಿಯ ಯೋಚನೆ ಮಾಡು.

ಸೂರತ್‌ನಲ್ಲಿ ಇಲಿ ಹಗುರ ಸಂಗತಿಯಲ್ಲ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭಯಕ್ಕೆ ಲಕ್ಷಾಂತರ ಜನ ಸಿಕ್ಕ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಕಸ, ಕೊಳಚೆ ತೆಗೆದು ಈ ನಗರ ತನ್ನ ಹೆಸರು ಮರಳಿ ಗಳಿಸಿದ್ದು ಆಮೇಲೆ. ನೀನು ರಾತ್ರಿ ಚೆಲ್ಲಿಬಿಟ್ಟ ಹಿಡಿ ನುಚ್ಚಿಗೆ ಇಡೀ ಗಲ್ಲಿಯ ಹೆಗ್ಗಣ ಬರುತ್ತವೆ. ಮರಿ, ಮೊಟ್ಟೆ ಹೋದರೆ ನಿನ್ನ ನಷ್ಟ; ಇಲಿ ಹೆಚ್ಚಿದರೆ ನೆರೆಯ ಮಕ್ಕಳಿಗೂ ಕಷ್ಟ.

ಆದ್ದರಿಂದ ಗೂಡನ್ನು ನೆಲದ ಮೇಲೆ ಕೂರಿಸಬೇಡ. ಮೂರು ಅಡಿ ಎತ್ತರದ ಕಬ್ಬಿಣದ ಕಾಲು ಕೊಡು, ಪ್ರತಿ ಕಾಲಿಗೂ ಅಗಲವಾದ ನಯ ತಗಡಿನ ಕೊರಳಪಟ್ಟಿ ಹಾಕು, ಗೋಡೆಯಿಂದ ದೂರ ಇಡು. ಷಟ್ಕೋನದ ಕಣ್ಣಿನ ತೆಳು ತಂತಿಬಲೆ ಕೋಳಿಯನ್ನು ತಡೆಯುತ್ತದೆ, ಇಲಿಯನ್ನಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತಾ. ಖರ್ಚು ಮಾಡಬೇಕಾದದ್ದು ಅದಕ್ಕೇ. ಆರು ಹೇಂಟೆಗೆ ಒಳಗೆ ನಾಲ್ಕಡಿ ಚೌಕ ಧಾರಾಳ. ಕೂರಲು ಅಡ್ಡಗೋಲು, ಮೊಟ್ಟೆಗೆ ಅಡಿ ಚೌಕದ ಎರಡು ಪೆಟ್ಟಿಗೆ ಇರಲಿ. ಮೇವು ಮುಚ್ಚಳದ ತಗಡಿನ ಡಬ್ಬದಲ್ಲೇ ಇರಬೇಕು. ಕತ್ತಲಾಗುವ ಮುಂಚೆ ತಟ್ಟೆ ಎತ್ತಿಡು.

ಎರಡನೆಯ ಚಿಂತೆ ಸೆಖೆ. ಕೋಳಿಗೆ ಬೆವರಿಲ್ಲ, ಮುಖ್ಯವಾಗಿ ಬಾಯಿ ತೆರೆದು ಏದುಸಿರಿನಿಂದ ಮೈ ತಣಿಸಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ ಈ ಊರಲ್ಲಿ ಅದೂ ಸಾಲದು. ಗೂಡಿನ ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಡು, ಎರಡು ಬದಿ ಜಾಲರಿ ಇರಲಿ, ತಗಡಿನ ಮಾಡಿಗೆ ಸುಣ್ಣ ಬಳಿದು ಮೇಲೆ ಗೋಣಿ ಹಾಸು. ಮಳೆಗಾಲದಲ್ಲಿ ನೈಋತ್ಯದ ಬದಿಗೆ ತಾಡಪತ್ರಿ ಇಳಿಬಿಡು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ತಾಪಿ ನದಿ ನಗರದ ಬಹುಭಾಗವನ್ನು ಮುಳುಗಿಸಿತ್ತು. ಇಲ್ಲಿಯ ಖಾಡಿ ಎಂಬ ತೊರೆಗಳೂ ಜೋರು ಮಳೆಗೆ ಉಕ್ಕುತ್ತವೆ. ಎತ್ತರದ ಕಾಲು ಆಗಲೂ ನೆರವಿಗೆ ಬರುತ್ತದೆ.

ತಳಿಯ ವಿಷಯದಲ್ಲಿ ಹೆಬ್ಬಾಳದ ಗಿರಿರಾಜ ಬೇಕೆಂದು ಹಟ ಹಿಡಿಯಬೇಡ. ಭರೂಚ್, ನರ್ಮದಾ ಜಿಲ್ಲೆಗಳದೇ ಅಂಕಲೇಶ್ವರ ತಳಿ ಇದೆ, ನಮ್ಮ ಜವಾರಿ ಕೋಳಿಯ ಹಾಗೆ ಈ ಹವೆಗೆ ಒಗ್ಗಿದ್ದು. ಯಾವುದೇ ಆಗಲಿ, ಕೊಕ್ಕರೆ ರೋಗದ ಲಸಿಕೆ ತಪ್ಪಿಸಬೇಡ: ಮರಿಗೆ ಮೊದಲ ವಾರ ಕಣ್ಣಿಗೆ ಹನಿ, ಎಂಟನೇ ವಾರದ ಹೊತ್ತಿಗೆ ಸೂಜಿಮದ್ದು. ಹಕ್ಕಿಜ್ವರದ ಎಚ್ಚರವೂ ಇರಲಿ. ಉಧ್ನಾದಿಂದ ಜಳಗಾವಿಗೆ ಹೋಗುವ ರೈಲುದಾರಿಯಲ್ಲಿ ನವಾಪುರ ಸಿಗುತ್ತದೆ. ದೇಶದಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಮೊದಲು ದೃಢಪಟ್ಟದ್ದು ಅಲ್ಲೇ, 2006ರ ಫೆಬ್ರುವರಿಯಲ್ಲಿ. ಲಕ್ಷಗಟ್ಟಲೆ ಕೋಳಿ ಕೊಂದು ಹೂಳಬೇಕಾಯಿತು. ನಿನ್ನ ಕೋಳಿ ಇದ್ದಕ್ಕಿದ್ದಂತೆ ಒಂದರ ಹಿಂದೊಂದು ಸತ್ತರೆ ಕೊಯ್ಯಬೇಡ, ಮಾರಬೇಡ. ಬರಿಗೈಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸು.

ಕಬ್ಬಿಣ ತರುವ ಮುಂಚೆ ಮನೆ ಮಾಲೀಕರನ್ನೂ ಪಾಲಿಕೆಯ ವಲಯ ಕಚೇರಿಯನ್ನೂ ಕೇಳು. ನೆರೆಯಲ್ಲಿ ಮೊಟ್ಟೆ ಮುಟ್ಟದವರಿದ್ದರೆ ಮೊದಲು ಅವರ ಬಾಗಿಲಿಗೇ ಹೋಗು, ವಾಸನೆ ಬಾರದಂತೆ ಹಿಕ್ಕೆ ತೆಗೆಯುವ ಮಾತು ಕೊಡು, ನಡೆಸು. ಹುಂಜ ಮಾತ್ರ ಬೇಡ. ಲೂಮಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು ಹಗಲು ಮಲಗುವ ಓಣಿ ಅದು. ಹುಂಜ ಹಗಲೆಲ್ಲ ಕೂಗುತ್ತದೆ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿ ಬೇಕಾದಾಗ ಹುಂಜವಿರುವ ಮನೆಯಿಂದ ಮೊಟ್ಟೆ ತಂದು ಕಾವು ಕೂತ ಹೇಂಟೆಯ ಕೆಳಗಿಡು, 21 ದಿನಕ್ಕೆ ಒಡೆಯುತ್ತವೆ.