ಕಾಂಕ್ರೀಟಿಗೆ ಮುಂಚೆ ಖಾಲಿ ಪೈಪು

ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ಇಂಟರ್ನೆಟ್, ಇಂಟರ್‌ಕಾಮ್, ಟಿವಿ ಕೇಬಲ್ಲುಗಳ ಉಸ್ತುವಾರಿ ನನ್ನ ಕೆಲಸ. ಡ್ರಾಯಿಂಗ್ ಸಭೆಯಲ್ಲಿ ನಮ್ಮ ಸರದಿ ಬರುವುದು ಎಲ್ಲರೂ ಗಡಿಯಾರ ನೋಡಲು ಶುರುಮಾಡಿದ ಮೇಲೆ. ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ, ಬೆಂಕಿಗೆ ಅಗ್ನಿಶಾಮಕ ಇಲಾಖೆ ಎಂದು ಒಂದೊಂದಕ್ಕೂ ಕೇಳುವವರಿದ್ದಾರೆ. ಫೈಬರ್ ಒಳಬರಲು ದಾರಿ ಎಲ್ಲಿ ಎಂದು ಕೇಳಿ ಫೈಲು ತಡೆದವರನ್ನು ನಾನಂತೂ ಕಂಡಿಲ್ಲ. 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ ಸಂವಹನ ವ್ಯವಸ್ಥೆಗೆಂದೇ ಒಂದು ವಿಭಾಗವಿದೆ. ಸೈಟಿನಲ್ಲಿ ಅದರ ಪುಟ ತಿರುವುವವರು ಕಡಿಮೆ.

ಬ್ಲಾಕ್ ಗೋಡೆಗಳ ಕಾಲದಲ್ಲಿ ಈ ಉದಾಸೀನ ನಡೆಯುತ್ತಿತ್ತು. ಮರೆತ ಪೈಪಿಗೆ ಗೋಡೆ ಸೀಳಿ, ಕೂರಿಸಿ, ಪ್ಲಾಸ್ಟರ್ ಬಳಿದರೆ ಮುಗಿಯಿತು. ಈಗ ಎತ್ತರದ ಕಟ್ಟಡಗಳಲ್ಲಿ ಹೆಚ್ಚಾಗಿ ಮೈವಾನ್ ಎಂಬ ಅಲ್ಯೂಮಿನಿಯಂ ಅಚ್ಚಿನ ಶಟರಿಂಗ್. ಗೋಡೆ, ಸ್ಲ್ಯಾಬು ಒಟ್ಟಿಗೇ ಕಾಂಕ್ರೀಟ್, ಗೋಡೆಯೂ ಭಾರ ಹೊರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪದೆ ಅದಕ್ಕೆ ತೂತು ಹಾಕುವಂತಿಲ್ಲ. ಒಪ್ಪಿದರೂ ಸರಳು ಎಲ್ಲಿದೆ ಎಂದು ಸ್ಕ್ಯಾನ್ ಮಾಡಬೇಕು, ಕೋರ್ ಕಟಿಂಗ್ ಯಂತ್ರ ತರಬೇಕು, ಕೆಳಗಿನ ಮನೆಯವರ ಮಾತು ಕೇಳಬೇಕು. ಸರಳು ಕಟ್ಟುವ ದಿನವೇ 25 ಎಂಎಂ ಪೈಪೊಂದನ್ನು ಸೇರಿಸಲು ಎಲೆಕ್ಟ್ರಿಷಿಯನ್ನಿಗೆ ಕೆಲವೇ ನಿಮಿಷ ಸಾಕು.

ಕಟ್ಟಿ ಮುಗಿದ ಮೇಲೆ ಕರೆ ಬಂದ ಒಂದು ಸಮುಚ್ಚಯದಲ್ಲಿ ಈ ಉದಾಸೀನದ ಫಲ ಕಂಡೆ. ಟೆರೇಸಿನಿಂದ ಹೊರಗೋಡೆಯ ಮೇಲೆ ಕೇಬಲ್ಲುಗಳು ಇಳಿಬಿದ್ದಿದ್ದವು. ಕೆಲವು ಅಡುಗೆಮನೆ ಕಿಟಕಿಯಿಂದ ಒಳಹೊಕ್ಕಿದ್ದವು. ಎಲೆಕ್ಟ್ರಿಕಲ್ ಶಾಫ್ಟಿನಲ್ಲಿ ಬೆಂಕಿ, ಹೊಗೆ ಮೇಲಿನ ಮಹಡಿಗೆ ಏರದಂತೆ ಮುಚ್ಚಿದ್ದ ಸೀಲನ್ನು ಯಾರೋ ಒಡೆದು ವೈರು ಎಳೆದು, ಹಾಗೇ ಬಿಟ್ಟು ಹೋಗಿದ್ದರು. ಬೇಸ್‌ಮೆಂಟಿನಲ್ಲಿ ಫೋನಿಗೆ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಲಿಫ್ಟು ಕೈಕೊಟ್ಟರೆ ಕೂಗಬೇಕು. ಬಿಸಿಲು ತಡೆಯಲೆಂದು ಲೋಹದ ತೆಳು ಲೇಪನವಿರುವ ಗಾಜು ಹಾಕಿದ್ದರಿಂದ ಮೇಲಿನ ಮನೆಗಳಲ್ಲೂ ಮೊಬೈಲ್ ಸಿಗ್ನಲ್ ಸೊರಗಿತ್ತು.

ಇಷ್ಟು ವರ್ಷಗಳಲ್ಲಿ ನನಗೆ ಗಟ್ಟಿಯಾದ ಮಾತು ಒಂದೇ: ಕೇಬಲಿಗೆ ಖರ್ಚು ಮಾಡುವ ಮುಂಚೆ ದಾರಿಗೆ ಖರ್ಚು ಮಾಡಿ. ನಾನು ಕೆಲಸಕ್ಕೆ ಸೇರಿದಾಗ ಕೋಣೆಕೋಣೆಗೂ ಟೆಲಿಫೋನ್ ತಂತಿ, ಟಿವಿಯ ಕೋಆಕ್ಸಿಯಲ್ ಕೇಬಲ್. ಆಮೇಲೆ ಕ್ಯಾಟ್-5 ನೆಟ್‌ವರ್ಕ್ ಕೇಬಲ್ ಬಂತು. ಈಗ ಒಂದೇ ಎಳೆ ಫೈಬರ್ ಕಟ್ಟಡಕ್ಕೆ ಬಂದು, ಕರೆಂಟೇ ಬೇಡದ ಪುಟ್ಟ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಅಂದು ದುಬಾರಿ ಬೆಲೆಗೆ ಎಳೆದ ತಂತಿಗಳು ಗೋಡೆಯೊಳಗೆ ಸತ್ತು ಮಲಗಿವೆ. ಪೈಪು ಮಾತ್ರ ಇವತ್ತೂ ಉಪಯೋಗಕ್ಕೆ ಬರುತ್ತಿದೆ.

ಹಾಗಾಗಿ ಈಗ ಮೊದಲ ಸಭೆಯಲ್ಲೇ ಹಟ ಹಿಡಿಯುತ್ತೇನೆ. ರಸ್ತೆಯಿಂದ ಎರಡು ಕಡೆ ಪ್ರವೇಶ ಬೇಕು; ಜೆಸಿಬಿ ಒಂದನ್ನು ಕಿತ್ತರೆ ಇನ್ನೊಂದು ಉಳಿಯಲಿ. ಪವರ್ ಕೇಬಲಿನಿಂದ ಬೇರೆಯಾದ ಶಾಫ್ಟು, ಅದರಲ್ಲಿ ಬಳಸದೇ ಉಳಿಯುವ ಜಾಗ. ಪೈಪಿನ ತಿರುವು ಚೂಪಾಗಿರದೆ ಬಳುಕಿರಬೇಕು, ಒಳಗೆ ಎಳೆತಂತಿ ಬಿಟ್ಟಿರಬೇಕು. ಫೈಬರ್ ಬಂದು ಸೇರುವ ಮನೆಯೊಳಗಿನ ಪೆಟ್ಟಿಗೆಯಲ್ಲಿ ಬ್ಯಾಕಪ್ ಕರೆಂಟಿನ ಪ್ಲಗ್ ಪಾಯಿಂಟ್ ಇರಲೇಬೇಕು. ಚಪ್ಪಲಿ ಗೂಡಿನ ಹಿಂದೆ ತಗಡಿನ ಪೆಟ್ಟಿಗೆ ಇಟ್ಟು ಅದರಲ್ಲೇ ವೈ-ಫೈ ರೂಟರ್ ಮುಚ್ಚಿದರೆ ಸಿಗ್ನಲ್ ಹೊರಬರುವುದಾದರೂ ಹೇಗೆ? ರೂಟರಿಗೆಂದು ಮನೆಯ ನಡುವಿನ ಸೀಲಿಂಗಿಗೆ ಒಂದು ಪೈಪು ಹೋಗಲಿ.

ಪೈಪು ಇದ್ದರೂ ಬೀಗದ ಕೈ ಯಾರಲ್ಲಿದೆ ಎಂಬುದು ಇನ್ನೊಂದು ಪ್ರಶ್ನೆ. ಒಂದೇ ಕಂಪನಿಗೆ ಶಾಫ್ಟು ಬಿಟ್ಟುಕೊಟ್ಟ ಕಡೆ ನಿವಾಸಿಗಳು ಸೇವೆ ಕೆಟ್ಟರೂ ಬದಲಾಯಿಸಲಾಗದೆ ಒದ್ದಾಡುವುದನ್ನು ನೋಡಿದ್ದೇನೆ. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ಸ್ಟಾರ್ ರೇಟಿಂಗ್ ಕೊಡುವ ನಿಯಮಗಳನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಅಕ್ಟೋಬರಿನಲ್ಲಿ ಹೊರಡಿಸಿದೆ. ಮನೆ ಕೊಳ್ಳುವವರು ಈಜುಕೊಳದ ಜೊತೆಗೆ ಈ ರೇಟಿಂಗನ್ನೂ ಕೇಳಿದರೆ ಬಿಲ್ಡರುಗಳ ಕಿವಿ ನಿಮಿರುತ್ತದೆ.

ಮನೆಯ ಕೀಲಿ ಪಡೆಯುವಾಗ, ಕಟ್ಟಿದ್ದನ್ನು ಕಟ್ಟಿದಂತೆಯೇ ತೋರಿಸುವ ಆಸ್-ಬಿಲ್ಟ್ ಡ್ರಾಯಿಂಗನ್ನೂ ಬಿಡದೆ ಕೇಳಿ ಪಡೆಯಿರಿ. ಯಾವ ಪೈಪು ಎಲ್ಲಿ ಹೊಕ್ಕು ಎಲ್ಲಿ ಹೊರಬರುತ್ತದೆಂದು ಬಾಯಿಪಾಠ ಇಟ್ಟುಕೊಂಡಿದ್ದ ಎಲೆಕ್ಟ್ರಿಷಿಯನ್ ಅಷ್ಟು ಹೊತ್ತಿಗೆ ಬೇರೆ ಸೈಟಿಗೆ ಹೋಗಿರುತ್ತಾನೆ.