ಸಕ್ಕರೆ ಕುಸಿದಾಗ ಏನು ಮಾಡಬೇಕು?



ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುವುದೊಂದೇ ಅಪಾಯವಲ್ಲ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಅತಿಯಾಗಿ ಇಳಿಯಲೂಬಹುದು. 100 ಮಿ.ಲೀ. ರಕ್ತದಲ್ಲಿ 70 ಮಿ.ಗ್ರಾಂ.ಗಿಂತ ಕಡಿಮೆಯಾದರೆ ಎಚ್ಚರವಹಿಸಬೇಕು. 54ಕ್ಕಿಂತ ಇಳಿದರೆ ಗಂಭೀರ.

ಕಾರಣ: ಬೆಳಗ್ಗೆ ಔಷಧ ತೆಗೆದುಕೊಂಡು, ಹಾಲು ಕರೆದು ಡೈರಿಗೆ ಹಾಕಿ, ಮೇವು ಕೊಯ್ದು ತಂದ ಮೇಲೆ ತಿಂಡಿ ತಿನ್ನುವುದು. ನಿಮ್ಮ ಕೆಲಸ ಮುಗಿಯಲೆಂದು ಔಷಧ ಕಾಯುವುದಿಲ್ಲ. ವೈದ್ಯರು ಹೇಳಿದ ಹೊತ್ತಿಗೆ ಊಟ ತಿಂಡಿ ಆಗಲೇಬೇಕು.

ಲಕ್ಷಣಗಳು: ಮೊದಲು ನಡುಕ, ಬೆವರು, ಎದೆಬಡಿತ, ಹಸಿವು. ಆಮೇಲೆ ಗಲಿಬಿಲಿ, ತೊದಲು ಮಾತು. ಇಂಥವರನ್ನು ಕುಡಿದಿದ್ದಾರೆಂದು ಬಿಟ್ಟು ಹೋಗಬೇಡಿ.

ಚಿಕಿತ್ಸೆ: ಕೂಡಲೇ 3 ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಬರಿಯ ಹಾಲನ್ನು ನೆಚ್ಚಬೇಡಿ. ಗಟ್ಟಿ ಹಾಲಿನ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಚೇತರಿಸಿಕೊಂಡ ಮೇಲೆ ಹಾಲು, ಊಟ ಕೊಡಿ.

ಪ್ರಜ್ಞೆ ತಪ್ಪಿದರೆ: ಬಾಯಿಗೆ ಏನನ್ನೂ ಹಾಕಬೇಡಿ. ನೆಲ ಹಿಡಿದ ಹಸುವಿಗೆ ಗೊಟ್ಟದಲ್ಲಿ ಕುಡಿಸಿದರೆ ಔಷಧ ಶ್ವಾಸಕೋಶಕ್ಕೆ ಇಳಿಯುವುದನ್ನು ನೀವು ಬಲ್ಲಿರಿ, ಮನುಷ್ಯರಿಗೂ ಹಾಗೆಯೇ. ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ. ಮಾತ್ರೆಯಿಂದ ಕುಸಿದ ಸಕ್ಕರೆ ಸರಿಹೋದ ಮೇಲೂ ಮತ್ತೆ ಇಳಿಯಬಹುದು; ಆದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು.

ಪದೇ ಪದೇ ಹೀಗಾದರೆ ನಡುಕ, ಬೆವರಿನ ಮುನ್ಸೂಚನೆಯೇ ಇಲ್ಲದಂತಾಗುತ್ತದೆ. ಔಷಧವನ್ನು ನೀವಾಗಿಯೇ ನಿಲ್ಲಿಸದೆ, ವೈದ್ಯರಿಗೆ ತಿಳಿಸಿ ಪ್ರಮಾಣ ಸರಿಪಡಿಸಿಕೊಳ್ಳಿ. ಜೇಬಿನಲ್ಲಿ, ಸೆರಗಿನಲ್ಲಿ ಸಕ್ಕರೆ ಪೊಟ್ಟಣವಿರಲಿ. ಮನೆಯವರಿಗೂ ಸಂಘದ ಕಾರ್ಯದರ್ಶಿಗೂ ನಿಮ್ಮ ಕಾಯಿಲೆಯ ವಿಷಯ ತಿಳಿದಿರಲಿ.